ನಾಲ್ಕು ಊರಿಗೆ ಒಂದೇ ಚಂದಾ

ಹೊರಗಿನಿಂದ ಮನೆಗೆ ಬಂದೆನೆಂದರೆ, ಕೈಕಾಲು ತೊಳೆಯುವುದಕ್ಕೂ ಮೊದಲು ನನ್ನ ಅಂಗೈ ಟಿವಿಯ ಬೆನ್ನಿಗೆ ಹೋಗುತ್ತದೆ. ಈಗಿನ ಟಿವಿಗಳಿಗೆ ಬೆನ್ನು ಎನ್ನುವುದು ಹೆಸರಿಗಷ್ಟೇ ಇದೆ. ಹಪ್ಪಳದ ಹಾಗೆ ಗೋಡೆಗೆ ಅಂಟಿಕೊಂಡಿರುತ್ತವೆ. ಆದರೂ ಬೆರಳು ತೂರುವಷ್ಟು ಸಂದು ಹುಡುಕಿ, ಬೆಚ್ಚಗಿದೆಯೋ ತಣ್ಣಗಿದೆಯೋ ನೋಡದಿದ್ದರೆ ಕುಡಿದ ನೀರೂ ಗಂಟಲಲ್ಲಿ ಇಳಿಯುವುದಿಲ್ಲ. ಹಾಗೆಂದು ಟಿವಿ ನೋಡಬಾರದೆಂದು ಗದರಿಸಲು ಮನೆಯಲ್ಲಿ ಚಿಕ್ಕ ಮಕ್ಕಳೇನೂ ಇಲ್ಲ. ಇರುವವರು ಹೆಂಡತಿ ಶಾಂತಾ ಮತ್ತು ನನ್ನ ಅವ್ವ. ಇಬ್ಬರೂ ಮನಸ್ಸಿಗೆ ಬಂದಷ್ಟು ನೋಡಲಿ, ನನ್ನ ಅಡ್ಡಿಯಿಲ್ಲ. ನೋಡಿದರೋ ಇಲ್ಲವೋ ನನಗೆ ಗೊತ್ತಿರಬೇಕು, ಅಷ್ಟೇ.

“ಏನ್ರೀ, ಜ್ವರಾ ಬಂದಾವೇನು ಅದಕ್ಕ?” ಎಂದು ಶಾಂತಾ ಅಡುಗೆಮನೆಯಿಂದಲೇ ಕೇಳುತ್ತಾಳೆ. ಇಷ್ಟು ದೂರದಿಂದ ನನ್ನ ಕೈ ಎಲ್ಲಿದೆ ಎಂದು ಇವಳಿಗೆ ಹೇಗೆ ಕಂಡಿತು ಎನ್ನುವುದು ನನ್ನ ಮುಂದಿನ ಸಂಶಯವಾಗಿರುತ್ತದೆ.

ಇದು ಅಪ್ಪನಿಂದ ಬಂದ ಆಸ್ತಿ. ನಮ್ಮ ಹುಟ್ಟೂರು ಯಂಕಂಚಿಯ ಹೊಲ ನನಗೂ ತಮ್ಮನಿಗೂ ಸಮನಾಗಿ ಪಾಲಾಯಿತು. ಸಂಶಯ ಮಾತ್ರ ಪೂರ್ತಿ ನನ್ನ ಪಾಲಿಗೇ ಬಂತು. ನಾವು ಚಿಕ್ಕವರಿದ್ದಾಗ ಮನೆಗೆ ಬಂದ ಟಿವಿಗೆ ಮರದ ಪೆಟ್ಟಿಗೆ, ಪೆಟ್ಟಿಗೆಗೆ ಎರಡು ಬಾಗಿಲು, ಬಾಗಿಲಿಗೆ ಬೀಗ ಇದ್ದವು. ಬೀಗದ ಕೈ ಅಪ್ಪನ ಉಡದಾರದಲ್ಲಿ ಜೋತಾಡುತ್ತಿತ್ತು. ಕರೆಂಟಿನ ಬಿಲ್ಲು ಹೆಚ್ಚು ಬಂದೀತು, ಟಿವಿಯ ಆಯುಷ್ಯ ಸವೆದೀತು ಎಂಬ ಎರಡು ಭಯಗಳನ್ನು ಅವನು ಆ ಕೈಯ ಜೊತೆಗೇ ಸೊಂಟಕ್ಕೆ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಿದ್ದ. ಪೆಟ್ಟಿಗೆಯ ಎಡಗಡೆಯ ಬಾಗಿಲನ್ನು ತುಸು ಮೇಲಕ್ಕೆತ್ತಿ ಜಗ್ಗಿದರೆ ಬೀಗ ಹಾಕಿದ್ದರೂ ಅದು ಕಳಚಿಕೊಳ್ಳುತ್ತದೆ ಎಂದು ಕಂಡುಹಿಡಿದವಳು ನನ್ನ ತಂಗಿ ನೀಲವ್ವ. ಇನ್ನೂ ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಹುಡುಗಿ.

ಅಪ್ಪ ಹೊಲದಿಂದ ಬಂದವನೇ ಪೆಟ್ಟಿಗೆಯ ಹಿಂದೆ ಕೈಯಿಟ್ಟು ನೋಡುತ್ತಿದ್ದ. ಅದಕ್ಕೂ ನೀಲಾ ಒಂದು ದಾರಿ ಹುಡುಕಿದಳು. ನಾನು ಬಾಗಿಲಲ್ಲಿ ನಿಂತು ಅಪ್ಪನ ಎತ್ತುಗಳ ಗಂಟೆಗೆ ಕಿವಿ ಕೊಡಬೇಕು. ಸಪ್ಪಳ ಕೇಳಿದ ಕೂಡಲೇ ಅವಳು ಟಿವಿ ಬಂದ್ ಮಾಡಿ, ಜೋಳ ಹಸನು ಮಾಡುವ ಮೊರದಿಂದ ಅದರ ಬೆನ್ನಿಗೆ ಗಾಳಿ ಹಾಕಬೇಕು. ಬಹಳ ದಿನ ಈ ಉಪಾಯ ನಡೆಯಿತು. ಒಂದು ಸಂಜೆ ಅಪ್ಪ ಕೈಯಿಟ್ಟು ನೋಡಿ, ಸಮಾಧಾನದಿಂದ ತಿರುಗಿದವನು, ಅಲ್ಲೇ ನಿಂತ.

“ಟಿವಿ ಏನೋ ತಣ್ಣಗೈತಿ. ಖರೆ, ಈ ಮೊರ ಇಲ್ಲಿಗ್ಯಾಕ ಬಂತು?”

“ಸೆಕಿ ಆಗಿತ್ತಪಾ. ಗಾಳಿ ಹಾಕ್ಕೊಳ್ಳಾಕತ್ತಿದ್ದೆ,” ಎಂದಳು ನೀಲಾ.

ಚಳಿಗಾಲ. ಅಪ್ಪನ ಹೆಗಲ ಮೇಲೆ ಕಂಬಳಿ ಇತ್ತು. ಅವನು ಕಂಬಳಿಯನ್ನೊಮ್ಮೆ, ಮೊರವನ್ನೊಮ್ಮೆ, ನೀಲಾಳನ್ನೊಮ್ಮೆ ನೋಡಿ, “ಇಕಿ ಭಾರಿ ಆಗತಾಳ,” ಎಂದಷ್ಟೇ ಅಂದು ಬಚ್ಚಲಿಗೆ ನಡೆದ. ಮರುದಿನ ಪೆಟ್ಟಿಗೆಯ ಬಾಗಿಲಿಗೆ ಹೊಸ ಕೀಲು ಬಿದ್ದವು.

ಈಗ ನಾನು ಸಿಂದಗಿಯಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ ಇಟ್ಟುಕೊಂಡಿದ್ದೇನೆ. ಈ ಧಂದೆಗೆ ನನ್ನ ಸ್ವಭಾವ ಹೇಳಿ ಮಾಡಿಸಿದ ಹಾಗಿದೆ. ಸುಟ್ಟ ಮೋಟರ್ ಹೊತ್ತು ತಂದವರು ಎಲ್ಲರೂ “ನಾವೇನೂ ಮಾಡಿಲ್ರಿ, ತಾನ ಸುಟ್ಟೈತಿ” ಎನ್ನುತ್ತಾರೆ. ತಾನಾಗಿಯೇ ಸುಡುವ ವಸ್ತು ಈ ಪ್ರಪಂಚದಲ್ಲಿ ಯಾವುದೂ ಇಲ್ಲ ಎಂದು ನಾನು ನಂಬಿದ್ದೇನೆ. ತೆಂಗಿನಕಾಯಿಯನ್ನು ನಾನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಳ್ಳುವುದಿಲ್ಲ. ಮದುವೆಯ ಊಟದಲ್ಲಿ ಹುಗ್ಗಿಗೆ ಬಿದ್ದ ತುಪ್ಪವನ್ನು ಮೊದಲು ಮೂಸುತ್ತೇನೆ. ಇನ್ನು ಮೊಬೈಲಿಗೆ ಬರುವ ಸಂದೇಶಗಳನ್ನಂತೂ ತೆರೆಯುವುದೇ ಇಲ್ಲ. ಸಾಲ ಕೊಡುತ್ತೇವೆ, ಬಹುಮಾನ ಬಂದಿದೆ, ಇದನ್ನು ಒತ್ತಿರಿ ಎಂದು ದಿನವಿಡೀ ಬರುತ್ತಿರುತ್ತವೆ. ತೆರೆದರೆ ಸಾಕು, ಖಾತೆ ಖಾಲಿಯಾಗುತ್ತದೆ ಎಂದು ಯಾರೋ ಹೇಳಿದ್ದರು. ಹೇಳಿದವನ ಮೇಲೂ ನನಗೆ ಪೂರ್ತಿ ನಂಬಿಕೆಯಿಲ್ಲ, ಆದರೆ ಸಂದೇಶದ ಮೇಲಿರುವುದಕ್ಕಿಂತ ಹೆಚ್ಚಿದೆ.

ಇಂಥವನು ಟಿವಿಗೆ ದುಡ್ಡು ಸುರಿಯುವವನೇ? ಕೇಬಲ್ಲಿನವನು ನನಗೆ ಗೊತ್ತೇ ಇಲ್ಲದ ಭಾಷೆಗಳ ಚಾನೆಲ್ಲುಗಳನ್ನೆಲ್ಲ ಸೇರಿಸಿ ಬಿಲ್ಲು ಮಾಡುತ್ತಿದ್ದಾನೆಂದು ತಗಾದೆ ತೆಗೆದು ಅದನ್ನು ಕಡಿಸಿದೆ. ಮಾಳಿಗೆಯ ಮೇಲೆ ಡಿಶ್ ಹಾಕಿಸಿದೆ. ಮೋಡ ಕವಿದ ದಿನ ಚಿತ್ರ ಬರದಿದ್ದರೂ ದಿನ ಮಾತ್ರ ಎಣಿಕೆಯಾಗುತ್ತದೆಂದು ಗೊತ್ತಾದ ಮೇಲೆ ಅದನ್ನೂ ನಿಲ್ಲಿಸಿದೆ. ಈಗ ಆ ಡಿಶ್ಶಿನ ತಟ್ಟೆಯಲ್ಲಿ ಶಾಂತಾ ಸಂಡಿಗೆ ಒಣಗಿಸುತ್ತಾಳೆ. ಅದೊಂದು ಲಾಭ ನಿಜವಾದದ್ದು.

ಕೊನೆಗೆ ಉಳಿದದ್ದು ಇಂಟರ್ನೆಟ್ಟಿನ ಮೇಲೆ ಬರುವ ಸಿನಿಮಾ, ಧಾರಾವಾಹಿಗಳು. ಅದಕ್ಕೆ ವರ್ಷದ ಚಂದಾ. ಬಸವನ ಬಾಗೇವಾಡಿಯಲ್ಲಿ ಕಾಕಾನ ಮಗ ಮನೆ ಕಟ್ಟಿಸಿ ವಾಸ್ತುಶಾಂತಿ ಮಾಡಿದಾಗ ನಾವೆಲ್ಲ ಪಂಕ್ತಿಯಲ್ಲಿ ಕೂತು ಹೋಳಿಗೆ ಮುರಿಯುತ್ತ ಈ ವಿಷಯ ಇತ್ಯರ್ಥ ಮಾಡಿದೆವು. ಒಬ್ಬರು ತೆಗೆದುಕೊಂಡರೆ ನಾಲ್ಕು ಟಿವಿಗಳಲ್ಲಿ ನೋಡಬಹುದಂತೆ. ಸಿಂದಗಿಯಲ್ಲಿ ನಾನು, ಇಂಡಿಯಲ್ಲಿ ನೀಲಾ, ಮುದ್ದೇಬಿಹಾಳದಲ್ಲಿ ತಮ್ಮ, ಬಾಗೇವಾಡಿಯಲ್ಲಿ ಕಾಕಾನ ಮಗ. ನಾಲ್ಕು ಮನೆಗೆ ಒಂದೇ ಚಂದಾ. ಯಾರ ಫೋನಿನ ಮೇಲೆ ತೆಗೆಯಬೇಕು ಎಂಬ ಪ್ರಶ್ನೆ ಬಂದಾಗ ನಾನು ಬೇರೆಯವರಿಗೆ ಬಾಯಿ ತೆರೆಯಲು ಬಿಡಲಿಲ್ಲ. ಫೋನು ನೋಡುವವರ ನಾಲ್ಕು ಹೆಸರು ಕೇಳಿತು, ನಾನು ನಾಲ್ಕು ಊರುಗಳ ಹೆಸರು ಹಾಕಿದೆ. ಟಿವಿ ಹಚ್ಚಿದರೆ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಾಗೇವಾಡಿ ಎಂದು ಬಸ್‌ಸ್ಟ್ಯಾಂಡಿನ ಬೋರ್ಡಿನ ಹಾಗೆ ಕಾಣುತ್ತಿತ್ತು.

ಇದರಲ್ಲಿ ನನಗೆ ಎರಡು ಅನುಕೂಲಗಳಿದ್ದವು. ಯಾವ ಊರಿನವರು ಏನು ನೋಡುತ್ತಿದ್ದಾರೆ, ಎಲ್ಲಿಗೆ ಬಿಟ್ಟಿದ್ದಾರೆ ಎಂಬುದು ನನಗೆ ಇಲ್ಲಿ ಕೂತಲ್ಲೇ ಕಾಣುತ್ತಿತ್ತು. ಟಿವಿಯ ಬೆನ್ನು ಮುಟ್ಟಿ ನೋಡಲು ಮುದ್ದೇಬಿಹಾಳದವರೆಗೆ ಹೋಗುವ ಅಗತ್ಯವೇ ಇರಲಿಲ್ಲ. ಇನ್ನೊಂದು, ಯಾರ ಟಿವಿಯಾದರೂ ಒಮ್ಮೆ ಹೊರಬಿತ್ತೆಂದರೆ ಮತ್ತೆ ಒಳಗೆ ಬರಲು ಓಟಿಪಿ ಬೇಕು, ಅದು ನನ್ನ ಫೋನಿಗೇ ಬರಬೇಕು. ಅಪ್ಪನ ಉಡದಾರದ ಬೀಗದ ಕೈ ಈಗ ನನ್ನ ಅಂಗಿಯ ಜೇಬಿಗೆ ಬಂದಿತ್ತು.

ಓಟಿಪಿ ಕೇಳಲು ತಮ್ಮ ಫೋನ್ ಮಾಡಿದರೆ ಅಂಕಿ ಬರೆದುಕೊಂಡು ಇಟ್ಟುಬಿಡುತ್ತಿದ್ದ. ಕಾಕಾನ ಮಗನದೂ ಅಷ್ಟೇ. ನೀಲಾಳದು ಹಾಗಲ್ಲ. “ಅಣ್ಣಾ, ಟಿವಿ ನನ್ನ ಹೊರಗ ಹಾಕೇತಿ. ನಂಬರ್ ಬಂತೇನು ನೋಡು,” ಎಂದು ಶುರು ಮಾಡುತ್ತಿದ್ದಳು. ನಾನು ಮೇಲಿನ ಸಂದೇಶವೊಂದನ್ನೇ ತೆರೆದು ಅಂಕಿಗಳನ್ನು ಓದುತ್ತಿದ್ದೆ. ಆಮೇಲೆ ಅವಳ ಲಿಂಬೆತೋಟದ ಮಾತು, ಮಾವನ ಮೊಣಕಾಲು, ಅವ್ವ ಗುಳಿಗೆ ಸರಿಯಾಗಿ ತೆಗೆದುಕೊಳ್ಳುತ್ತಾಳೋ ಇಲ್ಲವೋ, ನಾನು ಯಾಕೆ ಕೆಮ್ಮುತ್ತಿದ್ದೇನೆ, ಎಲ್ಲ ಬರುತ್ತಿತ್ತು. ಅಷ್ಟರಲ್ಲಿ ಆ ಓಟಿಪಿಯ ಅವಧಿ ತೀರಿ ಇನ್ನೊಂದು ಕಳಿಸಬೇಕಾಗುತ್ತಿತ್ತು. ಮತ್ತೆ ಓದುತ್ತಿದ್ದೆ, ಮತ್ತೆ ಮಾತು ಮುಂದುವರಿಯುತ್ತಿತ್ತು. ಇವಳು ನಂಬರಿಗಾಗಿ ಮಾತಾಡುತ್ತಾಳೆ, ಇಲ್ಲವಾದರೆ ಅಣ್ಣ ಇದ್ದಾನೆ ಎಂಬುದು ಇವಳಿಗೆ ನೆನಪೂ ಇರುವುದಿಲ್ಲ ಎಂದು ಆಗೆಲ್ಲ ನನಗೆ ಒಳಗೊಳಗೇ ಅನ್ನಿಸುತ್ತಿತ್ತು.

ಬೇಸಿಗೆ ಮುಗಿಯುವ ಹೊತ್ತಿಗೆ ಈ ಫೋನುಗಳು ಮೇಲಿಂದ ಮೇಲೆ ಬರತೊಡಗಿದವು. ಬೇರೆ ಯಾವ ಊರಿನ ಟಿವಿಯೂ ಹೊರಬೀಳುತ್ತಿಲ್ಲ, ಇಂಡಿಯದು ಮಾತ್ರ ಯಾಕೆ? ತಾನಾಗಿಯೇ ಸುಡುವ ಮೋಟರಿನ ವಾಸನೆ ನನ್ನ ಮೂಗಿಗೆ ಬಡಿಯಿತು. ಒಂದು ಸಂಜೆ ಇಂಡಿಯ ಹೆಸರನ್ನು ತೆರೆದು ನೋಡಿದೆ. ಮರಾಠಿ ಧಾರಾವಾಹಿ. ಅದರ ಕೆಳಗೆ ಇನ್ನೊಂದು ಮರಾಠಿ ಧಾರಾವಾಹಿ. ನೀಲಾಳಿಗೆ ಬಸ್ಸಿನಲ್ಲಿ ಜಾಗ ಕೇಳುವಷ್ಟು ಮರಾಠಿ ಬರುತ್ತದೆ, ಅತ್ತೆ ಸೊಸೆ ಕಿತ್ತಾಡುವುದನ್ನು ಕಣ್ಣೀರು ಹಾಕಿಕೊಂಡು ನೋಡುವಷ್ಟು ಬರುವುದಿಲ್ಲ. ಆದರೆ ಅವಳ ನಾದಿನಿಯನ್ನು ಕೊಟ್ಟದ್ದು ಸೋಲಾಪುರಕ್ಕೆ.

ನನಗೆ ಎಲ್ಲ ಹಗಲಿನಷ್ಟು ಸ್ಪಷ್ಟವಾಯಿತು. ಒಂದು ಓಟಿಪಿ ತನಗೆ, ಒಂದು ಓಟಿಪಿ ನಾದಿನಿಗೆ. ಮೊರ ಬೀಸಿದ ಕೈ ಅದು, ಬಿಟ್ಟೀತೇ?

ಮುಂದಿನ ಸಲ ನೀಲಾಳ ಫೋನ್ ಬಂದಾಗ ನಾನು ಅಂಕಿ ಓದಲಿಲ್ಲ.

“ಸೋಲಾಪುರದಾಗ ನಿನ್ನ ನಾದಿನಿ ಆರಾಮ ಅದಾಳೇನು?” ಎಂದೆ.

“ಆರಾಮ ಅದಾಳ. ಯಾಕ?”

“ಏನಿಲ್ಲ. ಮರಾಠಿ ಧಾರಾವಾಹಿ ಚಲೋ ಬರಾಕತ್ತಾವಂತ ಹೇಳು ಆಕಿಗೆ. ನಾಕು ಮನಿ ರೊಕ್ಕದಾಗ ಐದನೇ ಮನಿ ನೋಡಾಕತ್ತೈತಿ.”

“ಅಣ್ಣಾ, ನನ್ನ ಮ್ಯಾಲೆ ಸಂಶೇ ಬಂತೇನು ನಿನಗ?”

“ಸಂಶೇ ಅಲ್ಲ, ಕೇಳಾಕತ್ತೇನಿ.”

“ಕೇಳಾವ್ರ ದನಿ ಹಿಂಗ ಇರಂಗಿಲ್ಲ,” ಎಂದಳು. ಆಮೇಲೆ, “ಇರಲಿ ಬಿಡು. ನಂಬರ್ ಬ್ಯಾಡ,” ಎಂದು ಫೋನ್ ಇಟ್ಟಳು.

ನೋಡು, ಸಿಕ್ಕಿಬಿದ್ದವರು ಹೀಗೇ ಮಾಡುವುದು ಎಂದು ಶಾಂತಾಳಿಗೆ ಹೇಳಿದೆ. ಶಾಂತಾ, “ಸಿಕ್ಕಿ ಬೀಳದವರೂ ಹಿಂಗ ಮಾಡ್ತಾರ್ರೀ,” ಎಂದು ರೊಟ್ಟಿ ಬಡಿಯತೊಡಗಿದಳು. ಅವ್ವ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ಅವಳಿಗೆ ಈಚೆಗೆ ಕಿವಿ ಮಂದ. ನಮ್ಮ ಮಾತು ಮುಟ್ಟಿತೋ ಇಲ್ಲವೋ ತಿಳಿಯಲಿಲ್ಲ.

ನೀಲಾಳ ಫೋನ್ ನಿಂತುಹೋಯಿತು. ಮೊದಮೊದಲು ನನಗೆ ಗೆದ್ದ ಹಾಗೆನಿಸಿತು. ಶ್ರಾವಣ ಹತ್ತಿರ ಬಂತು. ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರಬೇಕು. ಅಣ್ಣನೋ ತಮ್ಮನೋ ಹೋಗಿ ಕರೆದು ತರಬೇಕು. ಮದುವೆಯಾದಾಗಿನಿಂದ ನೀಲಾ ಒಂದು ಪಂಚಮಿಯನ್ನೂ ತಪ್ಪಿಸಿದವಳಲ್ಲ. ಅವ್ವ ಎಳ್ಳು, ಶೇಂಗಾ ಹುರಿದು ಉಂಡಿಗೆ ಸಿದ್ಧ ಮಾಡಿಕೊಳ್ಳುತ್ತಿರುವಾಗ ನೀಲಾಳಿಂದ ಶಾಂತಾಳಿಗೆ ಫೋನ್ ಬಂತು. ಈ ಸಲ ಆಗುವುದಿಲ್ಲ, ತೋಟದ ಕೆಲಸ ಇದೆ ಎಂದಳಂತೆ. ಪಂಚಮಿಯ ದಿನ ಯಾವ ತೋಟದ ಕೆಲಸ? ಅಂದು ಭೂಮಿಗೆ ಗುದ್ದಲಿಯನ್ನೂ ತಾಗಿಸುವುದಿಲ್ಲ. ನನಗೆ ಮೊದಲ ಸಲ ಹೆದರಿಕೆಯಾಯಿತು. ನನ್ನ ತಂಗಿ ನನಗೆ ಸುಳ್ಳು ಹೇಳಿದ್ದು ಇದೇ ಮೊದಲಲ್ಲ, ಆದರೆ ನನ್ನಿಂದ ದೂರ ಇರಲಿಕ್ಕಾಗಿ ಹೇಳಿದ್ದು ಇದೇ ಮೊದಲು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದರೆ ಫೋನನ್ನು ಗೋಡೆಯ ಮಾಡದಲ್ಲಿ ಚಾರ್ಜಿಗೆ ಇಟ್ಟು ನಾನು ಒಂದು ನಿದ್ದೆ ತೆಗೆಯುತ್ತೇನೆ. ಅಂದು ನಿದ್ದೆ ಹತ್ತಲಿಲ್ಲ. ಕಣ್ಣು ಮುಚ್ಚಿ ಹಾಗೇ ಬಿದ್ದುಕೊಂಡಿದ್ದೆ. ಅವ್ವನ ಸಣ್ಣ ಫೋನ್ ಗುಣುಗುಟ್ಟಿತು. ಅದರ ದನಿ ಅವ್ವನಿಗೆ ಕೇಳಲಿ ಎಂದು ನಾನೇ ಜೋರಾಗಿ ಮಾಡಿಟ್ಟಿದ್ದೆ, ಹೀಗಾಗಿ ಆ ಕಡೆಯ ಮಾತು ಇಡೀ ಪಡಸಾಲೆಗೆ ಕೇಳಿತು.

“ದೊಡ್ಡವ್ವಾ, ಕೂಸು ಏನೋ ಒತ್ತಿತು, ಟಿವಿ ಮತ್ತ ಹೋಗೈತಿ. ನಂಬರ್ ಬರತೈತಿ ನೋಡು. ಅಣ್ಣ ಮಲಗ್ಯಾನಿಲ್ಲೋ?”

ತಾಂಬಾದ ಸುವರ್ಣಾ, ಅವ್ವನ ತಂಗಿಯ ಮಗಳು. ಅವ್ವ ಎದ್ದು, ಮಾಡದ ಹತ್ತಿರ ಹೋಗಿ, ನನ್ನ ಫೋನಿನ ಮೇಲೆ ಮಿಂಚಿದ ಅಂಕಿಗಳನ್ನು ಒಂದೊಂದಾಗಿ, ಬಸ್ಸಿನ ನಂಬರ್ ಓದುವ ಹಾಗೆ ಓದಿ ಹೇಳಿದಳು. ಆಮೇಲೆ ಮೊದಲು ಇದ್ದ ರೀತಿಯಲ್ಲೇ ಫೋನನ್ನು ಮತ್ತೆ ಇಟ್ಟಳು. ಲೋಕವನ್ನೆಲ್ಲ ಅನುಮಾನಿಸುತ್ತ ನಾನು ತೆರೆಯದೇ ಬಿಟ್ಟ ಸಂದೇಶಗಳ ರಾಶಿಯಲ್ಲಿ ತಾಂಬಾಕ್ಕೆ ಹೋದ ಓಟಿಪಿಗಳೆಲ್ಲ ನೆಮ್ಮದಿಯಾಗಿ ಕೂತಿದ್ದವು.

ನಾನು ಎದ್ದು ಕೂತೆ. “ಅವ್ವಾ, ಏನಿದು?”

ಅವ್ವ ಬೆಚ್ಚಲೂ ಇಲ್ಲ, ಬೆದರಲೂ ಇಲ್ಲ. “ಸುವರ್ಣಿ ಕೂಸಿನ್ನ ಕರಕೊಂಡು ಗಂಡನ ಮನಿಗೆ ಹೊಂಟಿದ್ಳಲ್ಲೋ. ಅಂದು ಇಲ್ಲಿಗೆ ಬಂದಿದ್ಳು. ಉಡಿ ತುಂಬೋಣಂದ್ರ ಅಕ್ಕಿ ಇತ್ತು, ಕಾಯಿ ಇತ್ತು, ಮನ್ಯಾಗ ಒಂದು ಕುಪ್ಪಸದ ಖಣ ಇರಲಿಲ್ಲ. ಪ್ಯಾಟಿಗೆ ಹೋಗಿ ತರೂದ್ರಾಗ ಬಸ್ಸು ಹೋಗತಿತ್ತು. ಹೆಣ್ಣಮಗಳನ್ನ ಖಣ ಇಲ್ಲದ ಕಳಸಾಕ ಬರತೈತೇನು? ಆಕಿ ಅತ್ತಿಗೆ ಮರಾಠಿ ಟಿವಿ ಹುಚ್ಚಂತ. ಖಣದ ಬದ್ಲಿ ನಂಬರ ಕೊಟ್ಟೆ.”

“ಉಡ್ಯಾಗ ಓಟಿಪಿ ಹಾಕಿದೇನು?”

“ಖಣ ಆದ್ರ ಹರೀತಿತ್ತು. ಇದು ಹೆಂಗರೆ ವರ್ಷ ಬರತೈತಿ.”

“ಇಂಡಿ ಹೆಸರಿನ್ಯಾಗ ಯಾಕ ಹೊಕ್ಕಾಳ ಆಕಿ?”

“ನಾನ ಹೇಳೇನಿ. ಸಿಂದಗಿ ಒತ್ತಬ್ಯಾಡ, ನಮ್ಮ ಈರಣ್ಣ ಸಂಶೇ ಮನಿಶಾ. ಇಂಡಿ ಒತ್ತು ಅಂದೆ. ತಾಂಬಾ ಇಂಡಿ ತಾಲೂಕಿಗೇ ಬರತೈತಿಲ್ಲೋ?”

ಇದಕ್ಕೆ ಯಾವ ತಹಶೀಲ್ದಾರನೂ ಎದುರು ಹೇಳಲಾರ. ಒಂದು ಹೆಸರಿಗೆ ಒಂದೇ ಟಿವಿ. ಸುವರ್ಣಾ ಒಳಗೆ ಬಂದಾಗಲೆಲ್ಲ ನೀಲಾ ಹೊರಗೆ ಬಿದ್ದಿದ್ದಾಳೆ. ನೀಲಾ ನನ್ನನ್ನು ಕೇಳಿ ಒಳಗೆ ಬಂದಾಗಲೆಲ್ಲ ಸುವರ್ಣಾ ಹೊರಗೆ ಬಿದ್ದು ಅವ್ವನನ್ನು ಕೇಳಿದ್ದಾಳೆ. ತನ್ನ ಜಾಗ ಕಳೆದುಕೊಂಡು ಮತ್ತೆ ಮತ್ತೆ ನನ್ನ ಬಾಗಿಲಿಗೆ ಬಂದವಳನ್ನೇ ನಾನು ಕಳ್ಳಿ ಎಂದಿದ್ದೆ.

ಮರುದಿನವೇ ಅಂಗಡಿ ಮುಚ್ಚಿ ಇಂಡಿಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅವಳ ಬೈಗುಳಕ್ಕೆ ಉತ್ತರಗಳನ್ನು ಜೋಡಿಸಿಕೊಂಡೆ. ನೀಲಾ ಬೈಯಲಿಲ್ಲ. ನಗುತ್ತ ನೀರು ಕೊಟ್ಟಳು, ಚಹಾ ಮಾಡಿದಳು, ಚೀಲದ ತುಂಬ ಲಿಂಬೆಹಣ್ಣು ತಂದಿಟ್ಟಳು. ನಾನು ಕೈ ಹಾಕಿ ಚೀಲದ ತಳದ ಹಣ್ಣುಗಳನ್ನು ಮುಟ್ಟಿ ನೋಡಿದೆ. ಎಲ್ಲವೂ ಮೇಲಿನವುಗಳಷ್ಟೇ ಚೆನ್ನಾಗಿದ್ದವು. ಅಷ್ಟೊಂದು ಚೆನ್ನಾಗಿದ್ದದ್ದು ನನಗೆ ಸರಿಬರಲಿಲ್ಲ.

“ಅದು ಅವ್ವನ ಕೆಲಸ ನೀಲಾ. ನಾ ಸುಳ್ಳೇ ನಿನಗ ಅಂದೆ. ಮನಸಿಗೆ ಹಚ್ಚಿಕೋಬ್ಯಾಡ,” ಎಂದೆ.

“ಅವ್ವ ನಿನ್ನೆನ ಫೋನ್ ಮಾಡಿ ಹೇಳ್ಯಾಳ. ಉಡ್ಯಾಗ ನಂಬರ ಹಾಕ್ಯಾಳಂತ!” ಎಂದು ಬಾಯಿಗೆ ಸೆರಗು ಹಚ್ಚಿ ನಕ್ಕಳು. “ಪಂಚಮಿಗೆ ಬರ್ತೇನಿ ತಗೋ. ಅವ್ವ ಅಳಾಕತ್ತಿದ್ಳು.”

“ಇವತ್ತ ಇಂಡಿ ಹೆಸರು ಬಿಡಿಸಿ ಕೊಡ್ತೇನಿ. ಸುವರ್ಣಾಗ ಬ್ಯಾರೆ ವ್ಯವಸ್ಥಾ ಮಾಡೂಣು. ನಂಬರ್ ಕೇಳು, ಈಗ ಹೇಳ್ತೇನಿ,” ಎಂದು ಫೋನ್ ತೆಗೆದೆ.

“ಬ್ಯಾಡಣ್ಣಾ. ನಾವು ನಮ್ಮದ ತಗೊಂಡೇವಿ.”

“ಹುಚ್ಚಿ, ದಂಡಕ್ಕ ರೊಕ್ಕ ಯಾಕ ಹಾಕಿದಿ? ನಾಕು ಮನಿಗೆ ಆಗೂದು ಇದ್ದಾಗ?”

“ದಂಡ ಅಲ್ಲ,” ಎಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. “ಈಗ ನಂಬರ್ ನನ್ನ ಫೋನಿಗೇ ಬರತೈತಿ. ಯಾರನ್ನೂ ಕೇಳೂದಿಲ್ಲ.”

ಪಂಚಮಿಗೆ ಬಂದಳು. ಜೋಕಾಲಿ ಜೀಕಿದಳು, ಉಂಡಿ ತಿಂದಳು, ಅವ್ವನ ತಲೆಗೆ ಎಣ್ಣೆ ಹಚ್ಚಿದಳು, ನನ್ನ ಕೆಮ್ಮಿಗೆ ಕಷಾಯ ಮಾಡಿ ಕುಡಿಸಿದಳು. ಮುಖ ಎಲ್ಲಿ ಬಿಗಿಯಾಗುತ್ತದೆ, ಮಾತು ಎಲ್ಲಿ ಚುಚ್ಚುತ್ತದೆ ಎಂದು ನಾನು ಕಾದೆ. ಎಲ್ಲಿಯೂ ಆಗಲಿಲ್ಲ. ಹೋಗುವಾಗ ಶಾಂತಾ ಉಡಿ ತುಂಬಿದಳು, ನಾನೇ ಪೇಟೆಗೆ ಹೋಗಿ ಆರಿಸಿ ತಂದಿದ್ದ ಒಳ್ಳೆಯ ಖಣ. ನೀಲಾ ಕಣ್ಣಿಗೊತ್ತಿಕೊಂಡಳು. ನನ್ನ ಕಾಲು ಮುಟ್ಟಿ ಬಸ್ಸು ಹತ್ತಿದಳು.

ಅದಾದ ಮೇಲೆ ಮನೆಯಲ್ಲಿ ಎಲ್ಲ ಸರಿಯಾಯಿತು ಎಂದೇ ಎಲ್ಲರೂ ಹೇಳುತ್ತಾರೆ. ಇಂಡಿಯ ಹೆಸರಿನಲ್ಲಿ ಈಗ ಸುವರ್ಣಾಳ ಅತ್ತೆ ನಿರಾತಂಕವಾಗಿ ಮರಾಠಿ ನೋಡುತ್ತಾಳೆ. ಚಂದಾದಲ್ಲಿ ಪಾಲನ್ನೂ ಕಳಿಸುತ್ತಾಳೆ, ಒಳ್ಳೆಯವಳು. ಟಿವಿ ಯಾರನ್ನೂ ಹೊರಗೆ ಹಾಕುವುದಿಲ್ಲ. ನನ್ನ ಫೋನ್ ಮಾತ್ರ ಸಂಜೆಯ ಹೊತ್ತು ಬಾಯಿ ಮುಚ್ಚಿಕೊಂಡು ಬಿದ್ದಿರುತ್ತದೆ. ಲಿಂಬೆಯ ದರ ಏನಾಯಿತು, ಅವಳ ಮಾವನ ಮೊಣಕಾಲು ಹೇಗಿದೆ ಎಂಬುದು ನನಗೆ ಶಾಂತಾಳಿಂದ, ಅವ್ವನಿಂದ ತಿಳಿಯುತ್ತದೆ. ಅವರಿಗೆ ಅವಳು ಫೋನ್ ಮಾಡುತ್ತಾಳೆ. ನನಗೆ ಮಾಡಲು ಅವಳಿಗೆ ಕಾರಣವಿಲ್ಲ. ಅಣ್ಣನನ್ನು ನಂಬರಿಗಾಗಿ ಮಾತ್ರ ನೆನೆಯುತ್ತಾಳೆ ಎಂದುಕೊಂಡಿದ್ದೆನಲ್ಲ, ನಂಬರ್ ಒಂದು ನೆವವಾಗಿತ್ತು ಎಂಬ ಯೋಚನೆ, ಇಷ್ಟೆಲ್ಲ ಸಂಶಯಪಡುವ ನನಗೆ ಒಮ್ಮೆಯೂ ಬರಲಿಲ್ಲ.

ನಿನ್ನೆ ಸಂಜೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತು ನೋಡಿ, ನಾನೇ ಅವಳಿಗೆ ಫೋನ್ ಹಚ್ಚಿದೆ.

“ಅಣ್ಣಾ? ಏನಾತು? ಅವ್ವ ಆರಾಮ ಅದಾಳಿಲ್ಲೋ?”

“ಆರಾಮ ಅದಾಳ.”

“ಶಾಂತಾ ವೈನಿ?”

“ಆಕಿನೂ ಆರಾಮ. ಎಲ್ಲಾರೂ ಆರಾಮ. ಏನಿಲ್ಲ, ಸುಮ್ಮನ ಮಾಡಿದೆ.”

“ಸುಮ್ಮನ?”

“ಹೂಂ. ಸುಮ್ಮನ. ಮಾತಾಡೂಣಂತ.”

ಆ ಕಡೆ ಫೋನಿನ ಮೇಲೆ ಅಂಗೈ ಮುಚ್ಚಿದ ಸಪ್ಪಳ. ಸರಿಯಾಗಿ ಮುಚ್ಚಿರಲಿಲ್ಲ, ಅವಳು ಗಂಡನಿಗೆ ಪಿಸುಗುಟ್ಟಿದ್ದು ನನಗೆ ಪೂರ್ತಿ ಕೇಳಿತು.

“ಅಣ್ಣ ಫೋನ್ ಮಾಡ್ಯಾನ್ರೀ. ಏನೋ ಬೇಕಾಗೈತಿ, ಬಾಯಿ ಬಿಟ್ಟು ಹೇಳವಲ್ಲ.”